ಸುಣ್ಣ ಬಳಿದ ಕಲ್ಲುಗಳು

ಚಿಂತಾಕಿಯ ಮಡೆಪ್ಪ ಯಾರನ್ನೂ ನಂಬಿದವನಲ್ಲ. ಹೆಂಡತಿ ಅನುಸೂಯಾಬಾಯಿ ಚಹಾಕ್ಕೆ ಬೆಲ್ಲ ಜಾಸ್ತಿ ಹಾಕಿದರೂ, "ಇವತ್ತ ಏನ್ ಬೇಕಾಗ್ಯಾದ?" ಎನ್ನುತ್ತಿದ್ದ.

ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಬೀದರಿನ ಮತ್ತು ಭಾಲ್ಕಿಯ ನಡಿಗೆ ಸಂಘಗಳು ಕೂಡಿಕೊಂಡು, ಜನ ಮರೆತ ಕಾಲುದಾರಿಗಳನ್ನು ಮತ್ತೆ ತೆರೆಯಲು ಹೊರಟವು. ಮಡೆಪ್ಪನ ಮನೆಗೂ ಹೊಲಕ್ಕೂ ನಡುವೆ ಅಂಥದೊಂದು ದಾರಿಯಿತ್ತು. ಸಂಘದವರು ಗುರುತಿಗೆಂದು ಅದರ ಉದ್ದಕ್ಕೂ ಸುಣ್ಣ ಬಳಿದ ಕಲ್ಲಿಟ್ಟರು.

"ಯಾಕ್ರಿ ಇವು?" ಎಂದು ಮಡೆಪ್ಪ ಗದರಿದ.

"ಸುಮ್ಮ ತಿರುಗ್ಲಾಕ ರೀ ಕಾಕಾ," ಎಂದ ಅವರ ಮುಂದಾಳು, ಭಾಲ್ಕಿಯ ಬಟ್ಟೆ ಅಂಗಡಿಯ ಶಿವರಾಜಪ್ಪ.

ಕೆಲಸವಿಲ್ಲದೆ ಬಿಸಿಲಲ್ಲಿ ತಿರುಗುವವರುಂಟೆ? ಅದೂ ಎರಡು ಊರಿನವರು, ಜಗಳವಿಲ್ಲದೆ! ಇವರು ರಾಜ್ಯದ ಗಡಿ ಹಾಕುವವರೇ ಎಂದು ಮಡೆಪ್ಪನಿಗೆ ಖಾತ್ರಿಯಾಯಿತು. ಹೊಲ ಮುಂಬಯಿ ರಾಜ್ಯಕ್ಕೆ, ಮನೆ ಮೈಸೂರಿಗೆ! ಯಾವ ರಾಜ್ಯವಾದರೇನು, ಎರಡೂ ಒಂದೇ ಕಡೆ ಇರಲಿ ಎಂದು ಅವನು ಕಲ್ಲುಗಳನ್ನೆಲ್ಲ ಹೊತ್ತು ಮನೆಯ ಹಿಂದಕ್ಕೆ, ಅಡುಗೆಮನೆಯ ಹಿಂಬಾಗಿಲ ಮುಂದೆ ಸಾಲಾಗಿ ಇಟ್ಟ.

ಮುಂದಿನ ಭಾನುವಾರ ಎರಡೂ ಸಂಘದವರು ಕಲ್ಲು ನೋಡುತ್ತ ನೋಡುತ್ತ ನೇರ ಅಡುಗೆಮನೆ ಬಾಗಿಲಿಗೇ ಬಂದರು. ಬಾಗಿಲಿಗೆ ಬಂದವರಿಗೆ ಬೆಲ್ಲ, ನೀರು ಕೊಡದೆ ಕಳಿಸುವ ರೂಢಿ ಆ ಮನೆಯಲ್ಲಿಲ್ಲ. ಅನುಸೂಯಾಬಾಯಿ ಬೆಲ್ಲದ ಡಬ್ಬಿ ತೆಗೆದಳು.

"ಹಳೀ ದಾರಿಕಿಂತ ಇದೇ ಚಲೋ ಅದ ನೋಡ್ರಿ, ಕಾಕಾ," ಎಂದ ಶಿವರಾಜಪ್ಪ, ಬೆಲ್ಲ ಚೀಪುತ್ತ. "ವಾರಾ ವಾರಾ ಬರ್ತೇವ್ರಿ."

ಮಡೆಪ್ಪ ಖಾಲಿ ಡಬ್ಬಿಯೊಳಗೆ ಇಣುಕಿದ. ಆಮೇಲೆ ಹೆಂಡತಿಯ ಕಿವಿಯಲ್ಲಿ ಹೇಳಿದ:

"ನೋಡಿದಿ? ಇವರ ಕಣ್ಣು ಮೊದಲಿಂದ ನಮ್ಮ ಬೆಲ್ಲದ ಮ್ಯಾಲೇ ಇತ್ತು."