ಬುಡಕ್ಕೆ ಹಾಕಿದ ಸೊಪ್ಪು

ಈ ಪರದೇಶದಲ್ಲಿ, ಮೆಡೋವೇಲ್‌ನ ನಮ್ಮ ಮನೆಯ ಹಿತ್ತಲಿನ ಬೇಲಿಯಾಚೆ ಒಂದು ಸಣ್ಣ ತೋಡು ಹರಿಯುತ್ತದೆ. ೨೦೦೮ರಲ್ಲಿ ನಾವು ಆ ಮನೆಗೆ ಬಂದಾಗಲೇ ತೋಡಿನ ಬದಿಯಲ್ಲಿ ಆ ಗಿಡಗಳ ಒಂದು ಹಿಂಡು ಇತ್ತು. ವಸಂತದಲ್ಲಿ ಕೆಂಪು ಮೊಳಕೆ, ಜುಲೈ ಹೊತ್ತಿಗೆ ನನಗಿಂತ ಎತ್ತರ, ಬಿದಿರಿನ ಹಾಗೆ ಗಂಟುಗಂಟಾದ ಟೊಳ್ಳು ಕಾಂಡ, ಅಂಗೈಯಗಲದ ಎಲೆ. ಹೆಸರು ಗೊತ್ತಿರಲಿಲ್ಲ. ನಾನು ನೆಟ್ಟ ಬಸಳೆ ಆ ಜೇಡಿಮಣ್ಣಿನಲ್ಲಿ ಎರಡು ಬೇಸಿಗೆಯೂ ಮೇಲೇಳಲಿಲ್ಲ. ಯಾರೂ ನೆಡದ ಇದು ಮಾತ್ರ ಬೇಲಿಯ ಹಲಗೆ ಸಂದಿಯಲ್ಲಿ ತಲೆಹಾಕಿ ನಿಲ್ಲುತ್ತಿತ್ತು. ಇಷ್ಟೊಂದು ಸೊಪ್ಪು ಸುಮ್ಮನೆ ಹಾಳಾಗುತ್ತಿದೆಯಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಉಡುಪಿ ಕಡೆಯ ನನ್ನ ತವರಿನಲ್ಲಿ ಸೊಪ್ಪನ್ನು ಹಾಗೆ ಬಿಡುವವರಿಲ್ಲ. ಹಸಿ ಸೊಪ್ಪು ಕಡಿದು, ತೆಂಗಿನ ಬುಡ ಬಿಡಿಸಿ, ಅದರಲ್ಲಿ ತುಂಬಿ, ಮೇಲೆ ಮಣ್ಣು ಎಳೆಯುವುದು. ಗಿಡಕ್ಕೆ ಅದೇ ಗೊಬ್ಬರ, ಅದೇ ತಂಪು. ಯಾವ ಸೊಪ್ಪು ಎಂದು ಅಪ್ಪ ಕೇಳಿದ್ದೇ ನನಗೆ ನೆನಪಿಲ್ಲ. ಮಣ್ಣಿಗೆ ಬಿದ್ದ ಮೇಲೆ ಎಲ್ಲ ಸೊಪ್ಪೂ ಕೊಳೆಯುತ್ತದೆ ಎಂದೇ ನಾನು ತಿಳಿದದ್ದು.

ಎಡಗಡೆಯ ಮನೆಯಲ್ಲಿ ಇಟಲಿಯಿಂದ ಬಂದ ಮುದುಕರೊಬ್ಬರು ಒಂಟಿಯಾಗಿದ್ದರು. ನಮ್ಮಿಬ್ಬರ ಹಿತ್ತಲಿನ ನಡುವೆ ಬೇಲಿ ಇರಲಿಲ್ಲ. ಅವರ ಹೆಂಡತಿ ನೆಟ್ಟು ಹೋದ ಪಿಯೊನಿ ಹೂವಿನ ಸಾಲೇ ಗಡಿ. ವರ್ಷಕ್ಕೆ ಎರಡು ವಾರ, ಜೂನ್ ತಿಂಗಳಲ್ಲಿ, ಅದು ಮುಷ್ಟಿ ಗಾತ್ರದ ಗುಲಾಬಿ ಬಣ್ಣದ ಹೂ ಬಿಡುತ್ತಿತ್ತು. ಆ ಎರಡು ವಾರ ಅವರು ದಿನ ಬಿಟ್ಟು ದಿನ ಹೂ ಕೊಯ್ದು, ಒದ್ದೆ ಪೇಪರಿನಲ್ಲಿ ಸುತ್ತಿ, ಹೆಂಡತಿಯ ಸಮಾಧಿಗೆ ಹೋಗಿ ಇಟ್ಟು ಬರುತ್ತಿದ್ದರು. ಉಳಿದ ದಿನ ಬರಿಗೈಯಲ್ಲಿ ಹೋಗುತ್ತಿದ್ದರು. ಅಂಗಡಿ ಹೂವೆಂದರೆ ಆಕೆಗೆ ಆಗುತ್ತಿರಲಿಲ್ಲವಂತೆ.

೨೦೧೦ರ ಜುಲೈಯಲ್ಲಿ ಅವರಿಗೆ ಸೊಂಟದ ಆಪರೇಷನ್ ಆಯಿತು. ಆರು ವಾರ ಮನೆಯಲ್ಲಿರಲಿಲ್ಲ. ಗಿಡಗಳಿಗೆ ನೀರು ಹಾಕು ಎಂದಷ್ಟೇ ನನಗೆ ಹೇಳಿ ಹೋಗಿದ್ದರು. ನೀರು ಹಾಕಿ ಸುಮ್ಮನಿರಬೇಕಿತ್ತು. ಆದರೆ ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚು ಮಾಡಿ ತೋರಿಸುವ ಚಪಲ ನನಗೆ. ಊರಿನಿಂದ ತಂದಿದ್ದ ಕತ್ತಿ ಹಿಡಿದು ಬೇಲಿಯಾಚೆ ಹೋಗಿ, ಹೊರೆಗಟ್ಟಲೆ ಸೊಪ್ಪು ಕಡಿದು, ಗೇಣುದ್ದಕ್ಕೆ ಕೊಚ್ಚಿ, ಪಿಯೊನಿಯ ಬುಡಕ್ಕೆಲ್ಲ ಹಾಕಿ ಮಣ್ಣು ಮುಚ್ಚಿದೆ. ಸೊಪ್ಪು ಸಾಲದೆ ನಮ್ಮ ಬೀನ್ಸಿನ ಬುಡಕ್ಕೆ ಹಾಕಲಿಲ್ಲ. ಅದು ನಮ್ಮ ಪುಣ್ಯ, ಅವರ ಪಾಪ.

ಮರಳಿ ಬಂದ ಅವರು ಕೋಲೂರಿಕೊಂಡು ಮೊದಲು ನೋಡಿದ್ದೇ ಆ ಸಾಲನ್ನು. ಮಣ್ಣು ಇಷ್ಟು ಕಪ್ಪಗೆ, ಮೆತ್ತಗೆ ಇದೆಯಲ್ಲ, ಏನು ಮಾಡಿದೆ ಎಂದು ಕೇಳಿದರು. ಹೊಗಳಿಸಿಕೊಳ್ಳಲು ನಾಚಿಕೆಯಾಗಿ, ಬರೀ ನೀರು ಹಾಕಿದೆ ಎಂದೆ. ಒಳಗೊಳಗೇ ಉಬ್ಬಿ ಹೋಗಿದ್ದೆ.

ಮುಂದಿನ ವಸಂತದಲ್ಲಿ ಪಿಯೊನಿಯ ನಡುನಡುವೆ ಬೇರೆ ಕೆಂಪು ಮೊಳಕೆಗಳು ಎದ್ದವು. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಆದರೂ ಗೊತ್ತಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳು ಕಂಪ್ಯೂಟರಿನಲ್ಲಿ ಹುಡುಕಿ, "ಅಮ್ಮಾ, ಇಟ್ಸ್ ಜಪಾನೀಸ್ ನಾಟ್‌ವೀಡ್. ಒಂದು ಗಂಟು ಇದ್ರೆ ಸಾಕಂತೆ, ಫುಲ್ ಪ್ಲಾಂಟ್ ಬರ್ತದಂತೆ" ಎಂದಳು. ನಾನು ಒಂದು ಗಂಟಲ್ಲ, ಸಾವಿರ ಗಂಟು ಕೊಚ್ಚಿ ಹಾಕಿದ್ದೆ.

ಮುದುಕರು ನಗರಸಭೆಗೆ ಫೋನ್ ಮಾಡಿದ್ದರು. ಒಬ್ಬ ಅಧಿಕಾರಿ ಬಂದು ತೋಡಿನ ಬದಿ ನೋಡಿದ, ಹೂವಿನ ಸಾಲು ನೋಡಿದ. ಬೇಲಿಯ ಈಚೆ ಬೇರೆಲ್ಲೂ ಇಲ್ಲದ್ದು ಇಲ್ಲಿ ನಡುವೆ ಹೇಗೆ ಬಂತು, ಯಾರಾದರೂ ಕಡಿದು ತಂದು ಹಾಕಿದ್ದಾರೆಯೇ ಎಂದು ಕೇಳಿದ. ಇವಳನ್ನು ಬಿಟ್ಟರೆ ನನ್ನ ಹಿತ್ತಲಿಗೆ ಯಾರೂ ಕಾಲಿಡುವುದಿಲ್ಲ, ಇವಳು ನೀರು ಹಾಕಿದ್ದಷ್ಟೇ ಎಂದು ಮುದುಕರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಹಾಗಾದರೆ ಬೇರು ನೆಲದಡಿಯಿಂದಲೇ ಬಂದಿರಬೇಕು, ಬೇಲಿಯುದ್ದಕ್ಕೆ ಆಳವಾಗಿ ಅಗೆದು ತಡೆಯಿರಿ, ಸಾಲನ್ನು ಸದ್ಯ ಮುಟ್ಟಬೇಡಿ, ಹೂವಿನ ಬೇರಿಗೆ ಪೆಟ್ಟಾಗುತ್ತದೆ ಎಂದು ಹೇಳಿ ಅವನು ಹೋದ.

ಆ ಇಡೀ ಬೇಸಿಗೆ ನಾವು ಬೇಲಿಯ ಬುಡ ಅಗೆದೆವು. ಅವರಿಗೆ ಬಗ್ಗಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ತೋರಿಸುತ್ತಿದ್ದರು. ಪ್ರತಿ ಶನಿವಾರ ಗುದ್ದಲಿ ಹಿಡಿದವಳು ನಾನು. ಕೈಗೆ ಬೊಬ್ಬೆ ಬಂದಷ್ಟೂ ಸಮಾಧಾನವಾಗುತ್ತಿತ್ತು, ತಪ್ಪು ತೀರುತ್ತಿದೆ ಎಂಬ ಹಾಗೆ. ಅಂಗಡಿಗಳಲ್ಲಿ ಬಲವಾದ ಕಳೆನಾಶಕ ಮಾರುವುದನ್ನು ಆಗಲೇ ನಿಲ್ಲಿಸಿದ್ದರು. ಬೇಲಿಯ ಸಂದಿಯಲ್ಲಿ ತಲೆಹಾಕಿದ ಕಾಂಡಗಳನ್ನೆಲ್ಲ ಕಡಿದು ಕಪ್ಪು ಚೀಲಕ್ಕೆ ತುಂಬಿ ಬಿಸಿಲಿನಲ್ಲಿಟ್ಟು ಕೊಂದೆವು. ಬಂದುಹೋಗುವವರಿಗೆಲ್ಲ ಅವರು ನನ್ನನ್ನು ತೋರಿಸಿ, ಇಂಥ ನೆರೆ ಸಿಗುವುದು ಅದೃಷ್ಟ ಎನ್ನುತ್ತಿದ್ದರು. ಆ ಮಾತು ಕೇಳುವಾಗೆಲ್ಲ ಅವರ ಮೇಲೆಯೇ ನನಗೆ ಸಿಟ್ಟು ಬರುತ್ತಿತ್ತು.

ಬೇಲಿ ದಾಟಿ ಬಂದ ಒಂದು ಬೇರೂ ಸಿಗಲಿಲ್ಲ. ಸಾಲಿನಲ್ಲಿ ಮಾತ್ರ ಅದು ವರ್ಷ ವರ್ಷ ದಪ್ಪವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದರ ಬೇರು ಪಿಯೊನಿಯ ಗೆಡ್ಡೆಗಳ ಒಳಗೇ ಹೊಕ್ಕು, ಯಾವುದು ಯಾವುದರದು ಎಂದು ಬಿಡಿಸಲಾಗದಂತಾಯಿತು. ೨೦೧೩ರಲ್ಲಿ ಅವರ ಮಗ ಯಂತ್ರ ತರಿಸಿ ಮಣ್ಣು ಸಮೇತ ಸಾಲನ್ನೇ ಎತ್ತಿಸಿದ. ಅವತ್ತು ಮುದುಕರು ಹೊರಗೆ ಬರಲಿಲ್ಲ. ಮರುವರ್ಷ ಜೂನ್‌ನಲ್ಲಿ ಅವರ ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಅಂಗಡಿ ಹೂ ಕಂಡೆ. ಅವರು ಅದನ್ನು ನನ್ನಿಂದ ಮರೆಮಾಡುವ ಹಾಗೆ ಹಿಡಿದುಕೊಂಡು ಕಾರು ಹತ್ತಿದರು.

೨೦೧೫ರಲ್ಲಿ ಅವರು ಮನೆ ಮಾರಿ, ಕ್ಲೈನ್‌ಬರ್ಗ್‌ನಲ್ಲಿದ್ದ ಮಗನ ಮನೆಗೆ ಹೊರಟರು. ಇನ್ನು ಹೇಳದಿದ್ದರೆ ಹೇಳಲು ಆಗುವುದೇ ಇಲ್ಲ ಎಂದು ಗಂಡನಿಗೆ ಹೇಳಿದೆ. ಗಂಡನಿಗೆ ಎಲ್ಲ ಮೊದಲೇ ಗೊತ್ತಿತ್ತು.

"ಈಗ ಹೇಳಿ ಎಂತ ಆಗ್ಲಿಕ್ಕುಂಟು ಮಾರಾಯ್ತಿ? ನಿಂಗೆ ಹಗುರ ಆಗ್ತದೆ, ಅವ್ರಿಗೆ ಭಾರ ಆಗ್ತದೆ. ಸುಮ್ನೆ ಕೂತ್ಕೊ" ಎಂದರು.

ಕೂರಲಿಲ್ಲ. ಪೆಟ್ಟಿಗೆಗಳ ನಡುವೆ ಕೂತಿದ್ದ ಮುದುಕರೆದುರು ನಿಂತು ಎಲ್ಲ ಹೇಳಿದೆ. ಸೊಪ್ಪು ಕಡಿದದ್ದು, ಕೊಚ್ಚಿದ್ದು, ಮುಚ್ಚಿದ್ದು, ತಲೆಯಾಡಿಸಿದ್ದು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ ಹೋಗಲಿ ಬಿಡು ಎನ್ನುತ್ತಾರೆ ಎಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅವರು ಲೆಕ್ಕ ಹಾಕುವವರಂತೆ ನೆಲ ನೋಡಿದರು. ಆಮೇಲೆ ಕೇಳಿದರು.

"ಎಷ್ಟು ಆಳಕ್ಕೆ ಹಾಕಿದ್ದೆ?"

ನಾನು ನಾಲ್ಕು ಬೆರಳು ತೋರಿಸಿದೆ.

"ನಾಲ್ಕು ಬೆರಳು" ಎಂದರು. "ಹಾಗಾದರೆ ಮೊದಲ ವಸಂತದಲ್ಲಿ ಅದು ಮೇಲೆಯೇ ಇತ್ತು. ಕೈಯಲ್ಲೇ ಕಿತ್ತು ತೆಗೆಯಬಹುದಿತ್ತು. ನಾವು ಬೇಲಿ ಅಗೆಯುತ್ತಾ ಕೂತೆವು."

ನಾಲ್ಕು ವರ್ಷ ನಾನು ಸೊಪ್ಪು ಹಾಕಿದ್ದನ್ನೇ ತಪ್ಪು ಎಂದುಕೊಂಡಿದ್ದೆ. ಅವರು ಪಕ್ಕದ ಪೆಟ್ಟಿಗೆಗೆ ಟೇಪು ಅಂಟಿಸತೊಡಗಿದರು. ನಾನು ಒಂದು ತುದಿ ಹಿಡಿಯಲು ಬಗ್ಗಿದೆ. ಬೇಡ ಎಂದು ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.