ಕಣ್ಣಾರೆ ನೋಡಿದ ಗುರುತು

ಇವತ್ತು ಮುಂಜಾನೆ ನೀರಿನ ಟಾಕಿಯ ಮೇಲೆ ಹತ್ತಿ ಬ್ಲೀಚಿಂಗ್ ಪುಡಿಯ ಹೊಸ ಚೀಲದ ಬಾಯಿ ಬಿಚ್ಚಿದೆ. ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಊರಿಗೆ ನೀರು ಬಿಡುವ ಕೆಲಸ ಹಿಡಿದು ಎಷ್ಟೋ ವರ್ಷವಾಯಿತು, ಈ ಘಾಟಿಗೆ ಕಣ್ಣು ಒಗ್ಗಿಹೋಗಿದೆ. ಆದರೂ ಹೊಸ ಚೀಲ ಬಿಚ್ಚಿದ ದಿನ ಮಾತ್ರ ಹೀಗಾಗುತ್ತದೆ. ಬಾಯಾರ ಸೀರೆಗೆ ಇದೇ ವಾಸನೆ ಇರುತ್ತಿತ್ತು...

ಬಾಯಾರೆಂದರೆ ನಮ್ಮ ಡಾಕ್ಟರ್ ಬಾಯಿ, ಸೇಡಂನವರು. ವೈಷ್ಣವರ ಮನೆತನ; ತಂದೆ ಸಾಲಿ ಮಾಸ್ತರರು, ಅಣ್ಣ ಗುಡಿಯ ಪೂಜೆ ಮಾಡುವವರು. ಇವರು ಮಾತ್ರ ವಾಂತಿ-ಭೇದಿಯ ಬೆನ್ನು ಹತ್ತಿದ್ದರು. ಕಾಲರಾ ಎಲ್ಲಿಂದ ಬರುತ್ತದೆ, ಯಾರಿಗೆ ಬರುತ್ತದೆ, ಬಾಯಲ್ಲಿ ಹಾಕುವ ಲಸಿಕೆಯಿಂದ ಅದನ್ನು ತಡೆಯಬಹುದೋ ಇಲ್ಲವೋ ಎಂದು ನೋಡುವುದು ಅವರ ಕೆಲಸ. ನಮ್ಮೂರು ಸೇಡಂ-ಚಿಂಚೋಳಿ ರಸ್ತೆಯಿಂದ ಒಳಗೆ, ತೊಗರಿ ಹೊಲಗಳ ನಡುವೆ ಇದೆ. ಮಳೆಗಾಲ ಬಂದರೆ ಯಾವುದಾದರೂ ಓಣಿಯಲ್ಲಿ ವಾಂತಿ-ಭೇದಿ ಇದ್ದೇ ಇರುತ್ತಿತ್ತು. ಅದಕ್ಕೇ ಅವರು ನಮ್ಮೂರನ್ನು ಆರಿಸಿಕೊಂಡಿದ್ದರು. ಕೈಯಲ್ಲಿ ಯಾವಾಗಲೂ ಸೀಸೆಗಳು ಇರುತ್ತಿದ್ದವಾದ್ದರಿಂದ ಊರವರು ಸೀಸೆ ಬಾಯಾರು ಎಂದು ಹೆಸರಿಟ್ಟರು. ಅವರಿಗೂ ಅದು ಗೊತ್ತಿತ್ತು, ನಗುತ್ತಿದ್ದರು.

ನಾನು ಐದನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಜೊತೆ ಶಹಾಬಾದಿನ ಕಲ್ಲಿನ ಗಣಿಗೆ ಹೋದವನು. ಫರಸಿ ಕಲ್ಲು ಸೀಳುವ ಉಳಿಗೆ ಎಡಗೈಯ ಉಗುರು ಎರಡು ಸಲ ಕೊಟ್ಟಿದ್ದೇನೆ. ಆಮೇಲೆ ಪಂಚಾಯಿತಿಯ ನೀರಿನ ಕೆಲಸ ಸಿಕ್ಕಿತು. ಜ್ವರ ಬಂದರೂ, ಮನೆಯಲ್ಲಿ ಮದುವೆಯಿದ್ದರೂ, ಒಂದು ದಿನ ನೀರು ತಪ್ಪಿಸಿದವನಲ್ಲ. ಹೊಗಳಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಊರಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಯಾವ ಮನೆಯಲ್ಲಿ ಎಷ್ಟು ಮಂದಿ, ಯಾರು ದುಡಿಯಲು ಊರು ಬಿಟ್ಟಿದ್ದಾರೆ, ಯಾರು ಬಸುರಿ, ಎಲ್ಲ ನನಗೆ ಗೊತ್ತಿರುತ್ತಿತ್ತು. ಅದಕ್ಕೇ ಬಾಯಾರು ನನ್ನನ್ನು ಜೊತೆಗೆ ಕರೆದುಕೊಂಡರು. ಮೊದಲನೆಯ ದಿನವೇ ಒಂದು ಉದ್ದನೆಯ ರಿಜಿಸ್ಟರು, ಒಂದು ನೀಲಿ ಪೆನ್ನು ಕೊಟ್ಟು, “ಇದು ನಿನ್ನ ಕೈಯಾಗ ಇರ್ಲಿ ತಮ್ಮಾ” ಎಂದರು. ನಾನು ಬರೆದದ್ದನ್ನು ಅದಕ್ಕೆ ಮುಂಚೆ ಯಾರೂ ಓದಿರಲಿಲ್ಲ. ಅಂದು ಮನೆಗೆ ಹೋಗಿ ಹಳೆ ಕ್ಯಾಲೆಂಡರಿನ ಹಿಂಬದಿ ಊರವರ ಹೆಸರುಗಳನ್ನೆಲ್ಲ ಬರೆದು ಅಕ್ಷರ ತಿದ್ದಿಕೊಂಡೆ.

ಕೆಲಸ ಸುಲಭದ್ದಾಗಿರಲಿಲ್ಲ. ಯಾರಿಗಾದರೂ ಭೇದಿ ಹತ್ತಿತೆಂದರೆ ಡಬ್ಬಿ ಹಿಡಿದು ಓಡಬೇಕು, ಮಲದ ನಮೂನೆ ತಂದು ಬಾಯಾರಿಗೆ ಕೊಡಬೇಕು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತ ಹುಡುಗರು, “ಏನಣ್ಣಾ, ಇವತ್ತು ಸುಗ್ಗಿ ಎಷ್ಟು ಡಬ್ಬಿ ಆಯ್ತು?” ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಬಾಯಾರು ಮಾತ್ರ ಜೀಪು ನಿಲ್ಲಿಸಿ, “ನಿಮ್ಮದೂ ಒಂದೊಂದು ಡಬ್ಬಿ ಕೊಡ್ರಿ, ರಾಶಿ ಭಾಳ ಆಗ್ತದ” ಎಂದು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದರು.

ಲಸಿಕೆಯ ಪರೀಕ್ಷೆ ಶುರುವಾಗುವ ಮೊದಲು ಸಾಲಿಯ ಅಂಗಳದಲ್ಲಿ ಊರನ್ನೆಲ್ಲ ಕೂಡಿಸಿ ತಿಳಿಸಿ ಹೇಳಿದರು. ಒಪ್ಪಿದವರಿಗೆ ಮಾತ್ರ, ಅದೂ ದೊಡ್ಡವರಿಗೆ ಮಾತ್ರ. ಸಣ್ಣ ಕೂಸುಗಳಿಗೆ ಈ ಸಲ ಇಲ್ಲ. ಒಬ್ಬೊಬ್ಬರಿಗೆ ಎರಡು ಸಲ, ನಡುವೆ ಎರಡು ವಾರ. ಅರ್ಧ ಮಂದಿಗೆ ನಿಜವಾದ ಲಸಿಕೆ, ಉಳಿದವರಿಗೆ ನೋಡಲು ಹಾಗೇ ಇರುವ, ಆದರೆ ಲಸಿಕೆಯಿಲ್ಲದ ನೀರು. ಯಾರಿಗೆ ಯಾವುದು ಹೋಯಿತೆಂದು ನಮಗೂ ಗೊತ್ತಿಲ್ಲ, ಬಾಯಾರಿಗೂ ಗೊತ್ತಿಲ್ಲ. ಸೀಸೆಯ ಮೇಲೆ ನಂಬರು ಮಾತ್ರ. ಕಡೆಗೆ ಎಲ್ಲ ಲೆಕ್ಕ ಹಾಕಿ ನೋಡಿದಾಗಲೇ ಲಸಿಕೆಗೆ ಶಕ್ತಿ ಇದೆಯೋ ಇಲ್ಲವೋ ತಿಳಿಯುತ್ತದೆ.

ನನಗೆ ಬೇರೆಯಾಗಿ ಒಂದು ಮಾತು ಹೇಳಿದರು. “ಕುಡಿದೀನಿ ಅಂತ ಮಂದಿ ಹೇಳಿದರ ಗುರ್ತು ಹಾಕಬ್ಯಾಡ. ಗಂಟಲದಾಗ ಇಳಿದದ್ದು ಕಣ್ಣಾರೆ ನೋಡಿದರ ಹಾಕು. ನೋಡ್ಲಿಲ್ಲಂದ್ರ ನೋಡಿಲ್ಲಂತ ಬರಿ. ಅದೇನು ತಪ್ಪಲ್ಲ.”

ಶ್ರಾವಣದ ಒಂದು ಸೋಮವಾರ ಎರಡನೆಯ ಸಲದ ಸೀಸೆಗಳನ್ನು ಕೊಡುತ್ತಿದ್ದೆವು. ಉಳಿದವರೆಲ್ಲ ಸಾಲಿಯ ಪಡಸಾಲೆಗೆ ಬಂದು ಕುಡಿದು ಹೋದರು. ದೊಡ್ಡವ್ವನಿಗೆ ನಡೆಯಲಾಗುತ್ತಿರಲಿಲ್ಲ. ದೊಡ್ಡವ್ವನೆಂದರೆ ನನ್ನ ಅವ್ವನ ಅಕ್ಕ. ಅವ್ವ ತೀರಿಹೋದ ಮೇಲೆ ನನ್ನನ್ನು ಸಾಕಿದವಳು. ಹಾಗಾಗಿ ಬಾಯಾರೇ ಸೀಸೆ ಹಿಡಿದು ಅವಳ ಮನೆಗೆ ಬಂದರು, ಜೊತೆಗೆ ನಾನು. ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನ ಓಣಿಯಿಂದ ಒಬ್ಬಾಕೆ ಅಳುತ್ತ ಓಡಿಬಂದಳು, ಮಗಳಿಗೆ ವಾಂತಿ ನಿಲ್ಲುತ್ತಿಲ್ಲ ಎಂದು. ಬಾಯಾರು ಸೀಸೆಯನ್ನು ನನ್ನ ಕೈಗಿಟ್ಟು, “ನಿನ್ನ ಮುಂದ ಕುಡೀಲಿ, ಆಮ್ಯಾಲೆ ಗುರ್ತು ಹಾಕು” ಎಂದವರೇ ಆಕೆಯ ಹಿಂದೆ ಓಡಿದರು.

ದೊಡ್ಡವ್ವ ಸೀಸೆಯನ್ನು ತೆಗೆದುಕೊಂಡು ದೀಪದ ಮಾಡದಲ್ಲಿಟ್ಟಳು. ಶ್ರಾವಣ ಸೋಮವಾರ ಅವಳಿಗೆ ಒಪ್ಪತ್ತು. ಸಂಜೆ ದೀಪ ಹಚ್ಚುವ ತನಕ ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ಗಂಡ ಸತ್ತಾಗಿನಿಂದ ಹಿಡಿದ ನೇಮ. ಔಷಧಕ್ಕೆ ದೋಷವಿಲ್ಲ, ಈಗಲೇ ಕುಡಿ ಎಂದು ನಾನು ಹೇಳಿದೆ. ಸಂಜೆಗೆ ಕುಡಿಯುತ್ತೇನೆ ಎಂದಳು. ಅವಳ ಕೈತುತ್ತು ತಿಂದು ಬೆಳೆದವನು ನಾನು, ಅವಳ ಒಪ್ಪತ್ತನ್ನು ಹೇಗೆ ಕೆಡಿಸಲಿ? ಹೊರಗೆ ಬಂದೆ. ರಿಜಿಸ್ಟರಿನಲ್ಲಿ ಆ ಪುಟದ ಮನೆಗಳೆಲ್ಲ ತುಂಬಿದ್ದವು, ಅವಳದೊಂದೇ ಖಾಲಿ. ನೋಡಿಲ್ಲ ಎಂದು ಬರೆಯಬೇಕಿತ್ತು. ಅಷ್ಟು ಚೆಂದ ತುಂಬಿದ ಪುಟದಲ್ಲಿ, ಅದೂ ನಮ್ಮ ಮನೆಯ ಹೆಸರಿನ ಮುಂದೆ, ಆ ಮಾತು ಬರೆಯಲು ಕೈ ಏಳಲಿಲ್ಲ. ಸಂಜೆಗೆ ಹೇಗೂ ಕುಡಿಯುತ್ತಾಳಲ್ಲ... ಗುರುತು ಹಾಕಿಬಿಟ್ಟೆ. ಮರುದಿನ ಹೋದಾಗ ಮಾಡದಲ್ಲಿ ತೊಳೆದಿಟ್ಟ ಖಾಲಿ ಸೀಸೆ ಇತ್ತು. ಅದನ್ನು ಒಯ್ದು ಬಾಯಾರಿಗೆ ಕೊಟ್ಟೆ, ಕಿಸೆಯಲ್ಲೇ ಉಳಿದಿತ್ತೆಂದು ಹೇಳಿದೆ. ಅವರು ನಂಬರು ನೋಡಿ ಪೆಟ್ಟಿಗೆಯಲ್ಲಿಟ್ಟರು.

ಶ್ರಾವಣ ಕಳೆದು ಮಳೆ ಜೋರಾಯಿತು, ಊರಲ್ಲಿ ಕಾಲರಾ ಬಂತು. ಬಂದವರಲ್ಲಿ ಬಹಳ ಮಂದಿ ಉಪ್ಪು-ಸಕ್ಕರೆ ನೀರು ಕುಡಿದು, ಸಲಾಯಿನ್ ಏರಿಸಿಕೊಂಡು ಎದ್ದು ಕೂತರು. ದೊಡ್ಡವ್ವ ಏಳಲಿಲ್ಲ. ಮುಂಜಾನೆ ಭೇದಿ ಹತ್ತಿದ್ದು, ಹೊತ್ತೇರುವಷ್ಟರಲ್ಲಿ ಅವಳ ಕಣ್ಣು ಗುಳಿ ಬಿದ್ದಿದ್ದವು, ಕೈಯ ತೊಗಲು ಹಿಡಿದೆತ್ತಿದರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಬಾಯಾರ ಜೀಪಿನಲ್ಲಿ ಸೇಡಂ ದವಾಖಾನೆಗೆ ಹೊರಟೆವು. ಬಾಯಾರು ಡ್ರೈವರನ ಪಕ್ಕದಲ್ಲಿ, ನಾನು ಹಿಂದೆ, ನನ್ನ ತೊಡೆಯ ಮೇಲೆ ಅವಳ ತಲೆ. ಚಮಚದಿಂದ ನೀರು ಹಾಕುತ್ತಿದ್ದೆ. ನನಗೆ ತಡೆಯಲಾಗಲಿಲ್ಲ, ಬಗ್ಗಿ ಮೆಲ್ಲಗೆ ಕೇಳಿದೆ, ಅವತ್ತು ಸೀಸೆಯದ್ದು ಕುಡಿದೆಯೇನು ಎಂದು.

“ನಾ ಮುದುಕಿ, ನನಗ್ಯಾಕೋ ಅದು? ಕೂಸುಗೋಳಿಗೆ ಕೊಡಂಗಿಲ್ಲಂತ ಅಂದ್ರಲ್ಲ. ಓಣ್ಯಾಗಿನ ನಾಕು ಕೂಸುಗೋಳನ್ನ ಕರದು ತೀರ್ಥ ಹಾಕಿದಂಗ ಒಂದೊಂದು ಚಮಚ ಹಾಕೀನಿ” ಎಂದಳು. ನಗಲು ನೋಡಿದಳು. ಒಳ್ಳೆಯದನ್ನು ಒಬ್ಬರೇ ತಿನ್ನಬಾರದು ಎಂದು ನನಗೆ ಕಲಿಸಿದವಳೂ ಅವಳೇ...

ಕಾಗಿಣಾ ಹೊಳೆಯ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಅದು ಇಳಿಯಲೆಂದು ಕಾಯುತ್ತ ನಿಂತಿದ್ದಾಗ, ಮಟಮಟ ಮಧ್ಯಾಹ್ನ, ನನ್ನ ತೊಡೆಯ ಮೇಲೆಯೇ ಹೋಗಿಬಿಟ್ಟಳು.

ಮೂರನೆಯ ದಿನ ಬಾಯಾರು ಮನೆಗೆ ಬಂದರು. ಚಾಪೆ ಹಾಕಿದರೂ ಬರೀ ಫರಸಿಯ ಮೇಲೆ ಕುಳಿತರು. “ತಮ್ಮಾ, ಆಯಿ ಎರಡನೇ ಸಲ ಕುಡಿದದ್ದು ನೀ ಕಣ್ಣಾರೆ ನೋಡಿಯೇನು?” ಎಂದು ಕೇಳಿದರು.

ಅವಳು ಎರಡೂ ಸಲ ಕುಡಿದಿದ್ದಾಳೆಂದೇ ಪುಸ್ತಕದಲ್ಲಿತ್ತು. ಕುಡಿದೂ ಸತ್ತಳೆಂದರೆ ಬಾಯಾರ ಅಷ್ಟು ವರ್ಷದ ಕೆಲಸದೊಳಗೆ ನನ್ನದೊಂದು ಸುಳ್ಳು ಸೇರಿದಂತೆ. ಅಷ್ಟು ನನಗೂ ತಿಳಿಯುತ್ತಿತ್ತು. ಆದರೆ ಬಾಯಿ ಬಿಟ್ಟರೆ ರಿಜಿಸ್ಟರು ಹೋಗುತ್ತದೆ, ಸಾಲಿ ಕಲಿಯದವನ ಕೈಗೆ ಪೆನ್ನು ಕೊಟ್ಟರೆ ಹೀಗೇ ಎಂದು ಕಟ್ಟೆಯ ಮೇಲಿನವರು ನಗುತ್ತಾರೆ...

“ನೋಡೀನ್ರಿ” ಎಂದೆ.

ಅವರು ತಲೆಯಾಡಿಸಿ ಎದ್ದರು. ಅಂದಿನಿಂದ ಒಂದು ವಾರ ದಿನಾಲು ನಮ್ಮ ಓಣಿಗೆ ಬಂದು, ನಾಲ್ಕೇ ನಾಲ್ಕು ಮನೆಗಳಿಗೆ ಹೋಗಿ ಕೂಸುಗಳ ನಾಲಿಗೆ, ಹೊಟ್ಟೆ ನೋಡಿ ಹೋದರು. ಮಕ್ಕಳಿಲ್ಲದ ಹೆಂಗಸು, ಕೂಸುಗಳ ಮೇಲೆ ಪ್ರೀತಿ ಎಂದುಕೊಂಡೆ. ಅದೇ ವಾರ, ನಿನಗೆ ನೀರಿನ ಕೆಲಸವೇ ಬಹಳ ಇದೆ ಎಂದು ಹೇಳಿ ರಿಜಿಸ್ಟರನ್ನು ತಿರುಗಿ ತೆಗೆದುಕೊಂಡರು. ಬದಲಿಗೆ ನೀರಿನಲ್ಲಿ ಬ್ಲೀಚಿಂಗ್ ಎಷ್ಟಿದೆ ಎಂದು ನೋಡುವ ಸಣ್ಣ ಗಾಜಿನ ನಳಿಗೆ ಕೊಟ್ಟರು. ನಲ್ಲಿಯ ನೀರು ಹಿಡಿದು ಎರಡು ಹನಿ ಔಷಧ ಬಿಟ್ಟರೆ ಹಳದಿ ಬಣ್ಣ ಬರಬೇಕು. ನನಗೆ ಅವಮಾನವಾಯಿತು. ಸುಳ್ಳು ಹೇಳಿದವನು ನಾನು, ಮುನಿಸಿಕೊಂಡವನೂ ನಾನೇ. ಅವರ ಜೊತೆ ಕೇಳಿದ್ದಕ್ಕಷ್ಟೇ ಮಾತಾಡತೊಡಗಿದೆ.

ಆಮೇಲೂ ಎರಡು ಮಳೆಗಾಲ ಅವರು ಬಂದರು. ಪ್ರತಿ ಸಲವೂ ಜೀಪು ಹತ್ತುವ ಮುಂಚೆ ಬಾಗಿಲಿಗೆ ಕೈಯಿಟ್ಟು ನಿಂತು, “ಏನರ ಹೇಳೋದದ ಏನು, ತಮ್ಮಾ?” ಎಂದು ಕೇಳುತ್ತಿದ್ದರು. ಪೈಪಿನ ಬಗ್ಗೆ, ನೀರಿನ ಬಗ್ಗೆ ಕೇಳುತ್ತಾರೆಂದು ನಾನು ತಿಳಿದಿದ್ದೆ. ಏನಿಲ್ರಿ ಎನ್ನುತ್ತಿದ್ದೆ. ಒಂದು ಸಲ ಮಾತ್ರ ಮಾತು ಗಂಟಲಿನ ತನಕ ಬಂದಿತ್ತು. ಅಷ್ಟರಲ್ಲಿ ಡ್ರೈವರ್ ಗಾಡಿ ಶುರು ಮಾಡಿದ...

ಬಾಯಾರು ತೀರಿಹೋದ ಸುದ್ದಿ ಹಾಲಿನ ಗಾಡಿಯವನಿಂದ ಗೊತ್ತಾಯಿತು. ವೈಕುಂಠ ಸಮಾರಾಧನೆಯ ದಿನ ಸೇಡಂಗೆ ಹೋದೆ. ಅವರ ಕೈಕೆಳಗೆ ಕೆಲಸ ಮಾಡಿದ ಸಿಸ್ಟರು ಅಲ್ಲಿದ್ದಳು. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ನನಗೆ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡಳು.

“ಬಾಯಾರಿಗೆ ಅದು ಗೊತ್ತಿತ್ತಣ್ಣಾ. ಆಯಿ ಸೀಸೆದಾಗಿಂದು ಕುಡಿಸ್ಯಾಳಂತ ಆ ಕೂಸುಗೋಳೇ ಹೇಳಿದ್ವು. ನಿಮ್ಮ ಮನಿಗೆ ಬಂದು ಹೋದ ದಿನಾನೇ ಆ ಗುರ್ತು ಹೊಡದು ಹಾಕಿದ್ರು. ಬಾಜೂಕ, ನಾ ಅಲ್ಲಿ ನಿಲ್ಲಲಿಲ್ಲ, ನನ್ನ ತಪ್ಪು ಅಂತ ಬರದು ಸಹಿ ಮಾಡಿದ್ರು. ನಿನ್ನ ಹೆಸರು ಬರೀಲಿಲ್ಲ.”

ಮತ್ತೆ ನನ್ನನ್ನು ಯಾಕೆ ಬೈಯಲಿಲ್ಲ ಎಂದು ಕೇಳಿದೆ.

“ನಾನೂ ಅದನ್ನೇ ಕೇಳಿದ್ದೆ. ಅಂವ ಸುಳ್ಳು ಹೇಳೋ ಮನಶ್ಯಾ ಅಲ್ಲ, ತಾನೇ ಬಂದು ಹೇಳ್ತಾನ, ಕಾಯೂಣು ಅಂದ್ರು.”

ದೊಡ್ಡವ್ವನ ಆ ಸೀಸೆಯಲ್ಲಿ ಲಸಿಕೆ ಇತ್ತೋ, ಬರೀ ನೀರಿತ್ತೋ ನನಗೆ ಗೊತ್ತಿಲ್ಲ. ಕೇಳಿದ್ದರೆ ಸಿಸ್ಟರು ಹೇಳುತ್ತಿದ್ದಳೇನೋ, ನಾನು ಕೇಳಲಿಲ್ಲ. ನೀರಿತ್ತು ಎಂದು ಗೊತ್ತಾಗಿ ನನ್ನ ಎದೆ ಹಗುರಾಗುವುದು ನನಗೆ ಬೇಕಿರಲಿಲ್ಲ.

ಇವತ್ತು ಬ್ಲೀಚಿಂಗ್ ಕಲಸಿ ಹಾಕಿ, ಹೊತ್ತು ಬಿಟ್ಟು, ಕೆಳಗಿಳಿದು ನಲ್ಲಿಯ ನೀರನ್ನು ಅದೇ ಗಾಜಿನ ನಳಿಗೆಯಲ್ಲಿ ಹಿಡಿದೆ. ಅಂಚಿನಲ್ಲಿ ಸ್ವಲ್ಪ ಒಡೆದಿದೆ, ಬದಲಿಸಿಲ್ಲ. ಎರಡು ಹನಿ ಬಿಟ್ಟು, ಬಿಸಿಲಿಗೆ ಎತ್ತಿ ಹಿಡಿದು ಕಾದೆ. ಬಣ್ಣ ಮೆಲ್ಲಗೆ ಬಂತು. ವಾಲ್ವು ತಿರುವಿದೆ. ಪೈಪಿನೊಳಗೆ ಮೊದಲು ಗಾಳಿ, ಹಿಂದೆಯೇ ನೀರು, ಊರ ಕಡೆಗೆ ಓಡಿತು. ಸುತ್ತ ಯಾರೂ ಇರಲಿಲ್ಲ. ರಸ್ತೆಯಲ್ಲಿ ಯಾವುದೋ ಜೀಪು ನಿಧಾನ ಮಾಡಿದಂತಾಯಿತು, ನಾನು ಎದ್ದು ನಿಂತೆ.

“ನಾ ನೋಡಿದ್ದಿಲ್ರೀ, ಬಾಯಾರ” ಎಂದೆ.

ಜೀಪು ಐನಾಪುರದ ಕಡೆಗೆ ಹೊರಟುಹೋಯಿತು.