ಮೂರನೇ ಮೆಟ್ಟಿಲ ಮೇಲಿನ ಈಜಿಪ್ಟಿನ ದೇವರು

2007ರ ಅಕ್ಟೋಬರ್‌ನಲ್ಲಿ, ಸಿಡ್ನಿಯ ಪೆಂಡಲ್ ಹಿಲ್‌ನ ನಮ್ಮ ಮನೆಯಲ್ಲಿ, ದಸರಾ ಗೊಂಬೆಗಳ ಮೂರನೇ ಮೆಟ್ಟಿಲ ಮೇಲೆ ಈಜಿಪ್ಟಿನ ದೇವರೊಬ್ಬ ಒಂಬತ್ತು ದಿನ ಆರತಿ ಮಾಡಿಸಿಕೊಂಡ. ಎಂಟನೇ ದಿನದವರೆಗೆ ಅದು ನಮಗೆ ಗೊತ್ತಿರಲಿಲ್ಲ.

ಗೇಣುದ್ದದ ಸುಟ್ಟ ಮಣ್ಣಿನ ಗೊಂಬೆ. ಕುಳ್ಳ, ಸೊಟ್ಟಗಾಲು, ಹೊರಚಾಚಿದ ನಾಲಿಗೆ, ತಲೆಯ ಮೇಲೆ ಗರಿಗಳ ಕಿರೀಟ. ಹೆಂಡತಿ ಅದನ್ನು ಶಿವಗಣವೆಂದುಕೊಂಡು ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲ್‌ನಿಂದ ತಂದಿದ್ದಳು.

ಎಂಟನೇ ದಿನ ಗೊಂಬೆ ನೋಡಲು ಬಂದವರು ಪಕ್ಕದ ಮನೆಯ ಆಂಟಿ, ಇತಿಹಾಸದ ನಿವೃತ್ತ ಟೀಚರ್. ಮೆಟ್ಟಿಲ ಮುಂದೆ ಮೊಣಕಾಲೂರಿ ಕೂತೇಬಿಟ್ಟರು. ಇವನು ಬೆಸ್, ಬಾಣಂತಿಯರನ್ನೂ ಮಕ್ಕಳನ್ನೂ ಕಾಯಲೆಂದು ಈಜಿಪ್ಟಿನವರು ಮನೆಯಲ್ಲಿಡುತ್ತಿದ್ದ ದೇವರು ಎಂದರು. ಪ್ರವಾಸಿಗರಿಗೆ ಮಾರುವ ನಕಲೂ ಇರಬಹುದು; ಅಸಲಿಯಾದರೆ ಸುಮಾರು ಎರಡು ಸಾವಿರ ವರ್ಷ. ಆ ಕಾಲದ ಗೊಂಬೆಗಳಿಗೆ ಬಿಳಿ ಲೇಪ ಕೊಟ್ಟು ಅದರ ಮೇಲೆ ಬಣ್ಣ ಹಚ್ಚುತ್ತಿದ್ದರಂತೆ; ಇದರ ಮೈಮೇಲೆ ಅಂಥ ಲೇಪವೇನಾದರೂ ಇತ್ತೇ ಎಂದು ಕೇಳಿದರು.

ಹೆಂಡತಿ ನನ್ನ ತೋಳು ಹಿಡಿದಳು. "ರೀ, ಇತ್ತು! ಸುಣ್ಣ ಅಂದ್ಕೊಂಡೆ."

"ಅಂದ್ಕೊಂಡು?"

"ಬೇರೆ ಗೊಂಬೆಗಳಾದ್ರೆ ಒರೆಸಿ ಕೂರಿಸ್ತೀನಿ. ಇದು ಯಾರ್ಯಾರ ಮನೇಲಿತ್ತೋ ಅಂತ ಸ್ನಾನ ಮಾಡಿಸ್ದೆ. ಬ್ರಷ್ ಹಾಕಿ ಉಜ್ಜಿದೆ."

"ಎರಡು ಸಾವಿರ ವರ್ಷ ತಪ್ಪಿಸ್ಕೊಂಡು ನಿನ್ ಕೈಗೇ ಸಿಗ್ಬೇಕಿತ್ತಾ!"

"ನೀವು ಒಂದಿನ ಆ ಕಾರ್ ತೊಳೀರಿ, ಆಮೇಲೆ ಮಾತಾಡಿ."

ಟೀಚರ್ ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಪುರಾತನ ಮಣ್ಣಿನ ವಸ್ತುಗಳ ತಜ್ಞೆ, ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದರು. ವಿಜಯದಶಮಿ ಕಳೆದ ಶನಿವಾರ ಬೆಳಗಾಗುತ್ತಲೇ ಹೊರಟೆವು. ಬೆಸ್ ಹಳೇ ಕಾಟನ್ ಸೀರೆ ಸುತ್ತಿಕೊಂಡು ಹೆಂಡತಿಯ ತೊಡೆಯ ಮೇಲೆ ಕೂತಿದ್ದ. ಪ್ರತಿ ಪೆಟ್ರೋಲ್ ಬಂಕಿನಲ್ಲೂ ಅವಳದು ಒಂದೇ ಪ್ರಶ್ನೆ: "ಒಂಚೂರಾದ್ರೂ ಉಳ್ದಿರುತ್ತಾ?"

ತಜ್ಞೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಳಗೆ ಟೊಳ್ಳು, ಎರಡು ಅಚ್ಚುಗಳನ್ನು ಕೂಡಿಸಿದ ಗೆರೆ, ಬೆನ್ನಲ್ಲಿ ದುಂಡನೆಯ ತೂತು. ಇಷ್ಟನ್ನು ನಕಲು ಮಾಡುವವರೂ ಮಾಡಬಲ್ಲರು ಎಂದರು. ಭೂತಗನ್ನಡಿ ಬೆಸ್‌ನ ಎಡಗಿವಿಯ ಹಿಂದೆ ನಿಂತಿತು. ತಜ್ಞೆ ನಮ್ಮನ್ನು ಹತ್ತಿರ ಕರೆದರು. ಅಕ್ಕಿಕಾಳಿನಷ್ಟು ಬಿಳುಪು, ಅದರ ಮೇಲೆ ಮಾಸಿದ ಗುಲಾಬಿ ಬಣ್ಣ.

"ಅಲ್ಲಿಗೆ ನನ್ ಬ್ರಷ್ ಹೋಗಿಲ್ಲ ಕಣ್ರೀ!" ಎಂದು ಹೆಂಡತಿ ಕೂಗಿದಳು. ತಜ್ಞೆಗೆ ಕನ್ನಡ ಬಾರದು. ಆದರೂ ನಕ್ಕರು.

ಪರೀಕ್ಷೆಗೆ ಗೊಂಬೆಯನ್ನು ಅಲ್ಲೇ ಬಿಟ್ಟು ಬಂದೆವು. ಡಿಸೆಂಬರ್‌ನಲ್ಲಿ ಫೋನ್ ಬಂತು: ಅಸಲಿ. ನಾನು ಫೋನ್ ಇಡುವ ಮೊದಲೇ ಹೆಂಡತಿ ಪಕ್ಕದ ಮನೆಗೆ ಓಡಿದಳು.

ಪರೀಕ್ಷೆ ಮುಗಿಸಿ ಮನೆಗೆ ಮರಳಿದ ಬೆಸ್‌ನನ್ನು ಕಳೆದ ದಸರೆಗೂ ಮೂರನೇ ಮೆಟ್ಟಿಲ ಮೇಲೆ ಕೂರಿಸಿದೆವು. ಬೇರೆ ಗೊಂಬೆಗಳನ್ನೆಲ್ಲ ಒರೆಸಿದ ಹೆಂಡತಿ ಇವನಿಗೆ ಒಣ ಬಟ್ಟೆಯನ್ನೂ ಸೋಕಿಸಲಿಲ್ಲ.